ರಟ್ಟಿನೊಳಗಿನ ಕಾದಂಬರಿ

ನಮ್ಮತ್ತೆಗೆ ಜಂಬ ಜಾಸ್ತಿ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಮದುವೆಯಾಗಿ ಬಂದ ಹೊಸದರಲ್ಲೇ ಅವರ ಮುಖಕ್ಕೇ ಹೇಳಿದ್ದೆ. "ಇರೋರಿಗೆ ಇರತ್ತೆ, ನಿಂಗ್ಯಾಕೆ ಹೊಟ್ಟೆಯುರಿ?" ಎಂದು ನಕ್ಕಿದ್ದರು. ಬೀದಿಯವರು ಅವರನ್ನು ಕರೆಯುವುದು ರಟ್ಟಮ್ಮ ಎಂದು. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಹಾಳೆ ಒತ್ತುವ ಕಬ್ಬಿಣದ ಯಂತ್ರ, ಅವರಪ್ಪನ ಕಾಲದ ಕಟಿಂಗ್ ಮಷೀನು, ಮೂಲೆಯಲ್ಲಿ ಅಂಟಿನ ಡಬ್ಬಿ. ತಾನು ಕಟ್ಟಿದ ಪುಸ್ತಕವನ್ನು ಮಹಡಿಯಿಂದ ಎಸೆದರೂ ಒಂದು ಹಾಳೆ ಅಲ್ಲಾಡುವುದಿಲ್ಲ ಎಂಬುದು ಅವರ ವಾದ. ಗಿರಾಕಿಯೊಬ್ಬರು ನಂಬದಿದ್ದಾಗ ಎಸೆದೇ ತೋರಿಸಿದರು. ಪುಸ್ತಕಕ್ಕೇನೂ ಆಗಲಿಲ್ಲ. ಕೆಳಗೆ ನಿಲ್ಲಿಸಿದ್ದ ಗಿರಾಕಿಯ ಸೈಕಲ್ಲಿನ ಗಂಟೆ ಮುರಿಯಿತು.

ಇಂಥ ಅತ್ತೆಗೆ ಒಬ್ಬ ಅಕ್ಕ. ನನ್ನ ಗಂಡನಿಗೆ ದೊಡ್ಡಮ್ಮ, ಹಾಗಾಗಿ ನನಗೂ ದೊಡ್ಡಮ್ಮ. ಮನೆ ಎರಡು ಬೀದಿಯಾಚೆ. ಅಕ್ಕತಂಗಿಯರು ಮೂವತ್ತು ವರ್ಷದಿಂದ ನೇರವಾಗಿ ಮಾತಾಡಿಲ್ಲ. ಹಾಗಂತ ಹೋಗಿಬರುವುದನ್ನು ಬಿಟ್ಟವರೂ ಅಲ್ಲ. ಒಂದೇ ಕೋಣೆಯಲ್ಲಿ ಕೂತುಕೊಂಡು "ಚಹಾ ಆರ್ತಿದೆ ಅಂತ ನಿಮ್ಮತ್ತೆಗೆ ಹೇಳು" ಎಂದು ಅವರು, "ನಂಗೆ ಆರಿದ್ದೇ ಇಷ್ಟ ಅಂತ ಹೇಳು" ಎಂದು ಇವರು. ನಡುವೆ ಟಪಾಲು ಹೊರುವವಳು ನಾನು. ಇದಕ್ಕೆಲ್ಲ ಕಾರಣ ಒಂದು ಕಾದಂಬರಿ.

ಆಗೆಲ್ಲ ಏನನ್ನು ಅಚ್ಚು ಹಾಕಬೇಕಾದರೂ ಪರವಾನಗಿ ಕಚೇರಿಯ ಮುದ್ರೆ ಬೇಕಿತ್ತಂತೆ. ಮುದ್ರೆ ಸಿಗದ ಕಥೆ ಕವಿತೆಗಳನ್ನು ಈ ಅಂಗಡಿಯ ಹಿಂದಿನ ಕೋಣೆಯಲ್ಲಿ ಕದ್ದುಮುಚ್ಚಿ ಅಚ್ಚು ಮಾಡುತ್ತಿದ್ದರು. ದೊಡ್ಡಮ್ಮ ಬರಹಗಳನ್ನು ಆರಿಸಿ ತಿದ್ದುತ್ತಿದ್ದರು. ಅವರ ಪರಿಚಯದ ಶಾಲೆಯ ಮೇಷ್ಟ್ರೊಬ್ಬರು ಟೈಪ್ ಮಾಡಿ, ಕೈಯಲ್ಲಿ ತಿರುಗಿಸುವ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದರು. ಹೊಲಿದು ಕಟ್ಟುವುದು ಅತ್ತೆಯ ಪಾಲು. ಆ ಪುಸ್ತಕಗಳ ಮೇಲೆ ಬರೆದವರ ಹೆಸರೂ ಇರುತ್ತಿರಲಿಲ್ಲ, ಅಚ್ಚು ಹಾಕಿದವರ ಹೆಸರೂ ಇರುತ್ತಿರಲಿಲ್ಲ. ತಮಾಷೆ ಏನೆಂದರೆ, ಪರವಾನಗಿ ಕಚೇರಿಯ ದಪ್ಪ ದಪ್ಪ ಆದೇಶ ಸಂಪುಟಗಳಿಗೆ ರಟ್ಟು ಕಟ್ಟುವ ಗುತ್ತಿಗೆಯೂ ಅತ್ತೆಯದೇ. "ಮುಂದಿನ ಕೋಣೇಲಿ ಅವರ ಪುಸ್ತಕ, ಹಿಂದಿನ ಕೋಣೇಲಿ ನಮ್ಮದು. ನಾನು ಹೊಲಿಗೇಲಿ ಭೇದ ಮಾಡಿದೋಳಲ್ಲ" ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ.

ಒಂದು ದಿನ, ಅಂಗಡಿಯ ಮೇಲೆ ಕಚೇರಿಯವರ ಕಣ್ಣು ಬಿದ್ದಿದೆ, ಶೋಧನೆಗೆ ಬರುತ್ತಾರೆ ಎಂಬ ಸುದ್ದಿ ಬಂತು. ದೊಡ್ಡಮ್ಮ ಊರಲ್ಲಿರಲಿಲ್ಲ. ಮೇಷ್ಟ್ರು ಯಂತ್ರವನ್ನು ಬಿಚ್ಚಿ ಸಾಗಿಸಿದರು. ಉಳಿದದ್ದು ಕಾಗದ: ಹಸ್ತಪ್ರತಿಗಳು, ಲೇಖಕರ ಪತ್ರಗಳು, ಜೊತೆಗೆ ದೊಡ್ಡಮ್ಮ ಆಗಷ್ಟೇ ಮುಗಿಸಿದ್ದ ಕಾದಂಬರಿಯ ಟೈಪಾದ ಒಂದೇ ಒಂದು ಪ್ರತಿ. ಎಲ್ಲ ಸುಟ್ಟುಬಿಡಿ ಎಂದು ಹೇಳಿ ಮೇಷ್ಟ್ರು ಹೋದರು. ಅತ್ತೆ ಒಲೆ ಹಚ್ಚಿ, ಆ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರಂತೆ. ಕೈ ಬರಲಿಲ್ಲ. ಹಚ್ಚಿದ ಒಲೆ ದಂಡವಾಗಬಾರದೆಂದು ಅದರ ಮೇಲೆ ಮೈದಾ ಅಂಟು ಕಾಯಿಸಿದರು.

ಬೈಂಡರುಗಳು ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿ ರಟ್ಟು ಮಾಡಿಕೊಳ್ಳುವುದುಂಟು. ಮೇಜಿನ ಮೇಲೆ ಪರವಾನಗಿ ಕಚೇರಿಯ ಸಂಪುಟಗಳು ರಟ್ಟಿಗಾಗಿ ಕಾಯುತ್ತಿದ್ದವು. ಅಚ್ಚುಮನೆಯ ಕಾಗದವೆಲ್ಲ ಆ ಸಂಪುಟಗಳ ರಟ್ಟಾಯಿತು, ಮೇಲೆ ಕಚೇರಿಯ ಕಪ್ಪು ಬಟ್ಟೆಯ ಹೊದಿಕೆ. ಮುಂದೆಂದಾದರೂ ನೀರಲ್ಲಿ ನೆನೆಸಿದರೆ ಹಾಳೆ ಬಿಟ್ಟುಕೊಳ್ಳಲಿ ಎಂದು ಮೈದಾ ಅಂಟು, ಅಲ್ಲಿಯವರೆಗೆ ಹುಳ ತಿನ್ನದಿರಲಿ ಎಂದು ಅದರಲ್ಲಿ ಮೈಲುತುತ್ತ. ಗುರುತಿಗೆ ಆ ಸಂಪುಟಗಳ ಹೊಲಿಗೆಗೆ ನೀಲಿ ದಾರ. ವಾರ ಕಳೆದು ಶೋಧನೆಗೆ ಬಂದವರು ಮನೆಯನ್ನೆಲ್ಲ ಜಾಲಾಡಿದರು. ಏನೂ ಸಿಗದೆ ಮುಖ ಗಂಟಿಕ್ಕಿಕೊಂಡು ಹೊರಟವರನ್ನು ಅತ್ತೆಯೇ ಕೂಗಿ ನಿಲ್ಲಿಸಿದರು. "ನಿಮ್ಮ ಸಂಪುಟ ರೆಡಿ ಇದೆ, ಹೆಂಗೂ ಗಾಡಿ ಬಂದಿದೆ, ತಗೊಂಡೋಗಿ."

ಅಕ್ಕನಿಗೆ ಮಾತ್ರ "ಎಲ್ಲಾ ಸುಟ್ಟೆ" ಎಂದುಬಿಟ್ಟರು. ಅವಳನ್ನು ಹಿಡಿದು ಕೇಳಿದರೆ ಗೊತ್ತಿಲ್ಲದ್ದನ್ನು ಹೇಗೆ ಬಾಯಿ ಬಿಟ್ಟಾಳು ಎಂಬ ಲೆಕ್ಕಾಚಾರ. ಹಿಡಿದು ಕೇಳಿದ್ದೂ ಆಯಿತು. ಬಿಡಿಸಿಕೊಂಡು ಬಂದ ದೊಡ್ಡಮ್ಮ ತಂಗಿಯ ಜೊತೆ ತುಟಿ ಪಿಟಕ್ಕೆನ್ನಲಿಲ್ಲ. ಕಾಲ ಬದಲಾಗಿ ಮುದ್ರೆಯ ಕಾಟ ತಪ್ಪಿದ ಮೇಲೆ ಅತ್ತೆ ಹೋಗಿ ನಿಜ ಹೇಳಿದರು. ಸಿಕ್ಕಿದ ಉತ್ತರ ಇಷ್ಟೇ: "ತಂದು ತೋರಿಸ್ಲಿ. ಮಾತು ಆಮೇಲೆ."

ತರುವುದು ಹೇಗೆ? ಸಂಪುಟಗಳು ಸರ್ಕಾರಿ ದಾಖಲೆ, ಮುಟ್ಟುವ ಹಾಗಿಲ್ಲ ಎಂದರು ಕಚೇರಿಯವರು. ಅತ್ತೆ ಚಪ್ಪಲಿ ಸವೆಸಿದ್ದೊಂದೇ ಬಂತು. ದೊಡ್ಡಮ್ಮ ಆಮೇಲೆ ಒಂದಕ್ಷರ ಬರೆಯಲಿಲ್ಲ. ಈಚೆಗೆ ಅವರ ಕಣ್ಣೂ ಮಂಜಾಗುತ್ತಿತ್ತು. ಅಕ್ಕ ಓದುವ ಹಾಗಿರುವಾಗಲೇ ಆ ಕಾದಂಬರಿ ಅವಳ ಕೈಸೇರಬೇಕು ಎಂಬುದೊಂದೇ ಅತ್ತೆಯ ಹಂಬಲ. ಜಂಬದ ನಡುವೆಯೂ ಅದು ನನಗೆ ಕಾಣುತ್ತಿತ್ತು. ಪಾಪ ಅನ್ನಿಸುತ್ತಿತ್ತು. ಹಾಗೆಂದರೆ ಬೈಯುತ್ತಾರೆಂದು ಸುಮ್ಮನಿದ್ದೆ.

ಹೋದ ವರ್ಷ ದಾಖಲೆ ಸಂಗ್ರಹಾಲಯದ ಮೇಡಂ ನಮ್ಮ ಅಂಗಡಿ ಹುಡುಕಿಕೊಂಡು ಬಂದರು. ಆ ಕಾಲದ ಗುಟ್ಟಿನ ಪುಸ್ತಕಗಳು ಕೆಲವು ಅವರಿಗೆ ಸಿಕ್ಕಿದ್ದವು, ಅಚ್ಚುಮನೆಯ ಕಾಗದಪತ್ರ ಒಂದೂ ಸಿಕ್ಕಿರಲಿಲ್ಲ.

"ಏನಾದ್ರೂ ಉಳಿದಿದೆಯಾ ಅಮ್ಮಾ?"

"ಎಲ್ಲಾ ಉಳಿದಿದೆ. ಸರ್ಕಾರವೇ ಜೋಪಾನ ಮಾಡಿಟ್ಟಿದೆ" ಎಂದರು ಅತ್ತೆ, ಕಾಲ ಮೇಲೆ ಕಾಲು ಹಾಕಿಕೊಂಡು.

ಮೇಡಂ ಗಟ್ಟಿಗಿತ್ತಿ. ಕೇಳಿ ನಗಲಿಲ್ಲ, ಆ ಸಂಪುಟಗಳನ್ನು ಸಂಗ್ರಹಾಲಯಕ್ಕೇ ವರ್ಗ ಮಾಡಿಸಿಕೊಂಡರು. ನೀಲಿ ದಾರದವನ್ನು ಅತ್ತೆ ಬೆರಳಿಟ್ಟು ತೋರಿಸಿದರು. ಹೊದಿಕೆ ಬಿಡಿಸಿ, ಮೂಲೆಗೊಂದು ಹನಿ ನೀರು ಹಾಕಿ ನೋಡಿ, ಪೆನ್ನಿನ ಶಾಯಿಯ ಪತ್ರಗಳಿದ್ದ ರಟ್ಟುಗಳನ್ನು, ಶಾಯಿ ಕದಡೀತೆಂದು, ಮೇಡಂ ಬೇರೆಯಿಟ್ಟರು. ಟೈಪಾದ ಹಾಳೆಗಳಿದ್ದವು ಅಗಲ ತಟ್ಟೆಯ ಉಗುರುಬೆಚ್ಚನೆಯ ನೀರಿಗಿಳಿದವು. ಸ್ವಲ್ಪ ಹೊತ್ತಿಗೆ ಮೇಲಿನ ಹಾಳೆ ಅಂಚಿನಲ್ಲಿ ಎದ್ದಿತು, ಮೇಡಂ ಅದನ್ನು ಮೆಲ್ಲಗೆ ಎತ್ತಿದರು. ಅಕ್ಷರಗಳು ಕಪ್ಪಗೆ, ಸ್ಪಷ್ಟವಾಗಿ ಹಾಗೇ ಇದ್ದವು. ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆ ಹೊತ್ತಿಗೆ ಅವರು ಎಷ್ಟು ಜಂಬ ಪಟ್ಟಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ.

ಕಾದಂಬರಿಯ ಹಾಳೆಗಳೆಲ್ಲ ಒಣಗಿದ ಮೇಲೆ ಮೇಡಂ ಒಂದೊಂದಾಗಿ ಜೋಡಿಸುತ್ತಾ ಹೋದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಅಮ್ಮಾ, ಪ್ರತಿ ಪುಟದ ಕೊನೇ ಎರಡು ಸಾಲು ಇಲ್ಲ" ಎಂದರು.

ಅತ್ತೆ ಬಗ್ಗಿ ನೋಡಿದರು. ಟೈಪಿನ ಹಾಳೆ ಉದ್ದ, ಕಚೇರಿಯ ಸಂಪುಟ ಗಿಡ್ಡ. ರಟ್ಟು ಒಣಗಿದ ಮೇಲೆ ಅಳತೆಗೆ ಕತ್ತರಿಸಬೇಕಲ್ಲ, ಅಭ್ಯಾಸದ ಕೈ, ಮಷೀನಿಗೆ ಕೊಟ್ಟು ಕತ್ತರಿಸಿದ್ದರು. ಚೂರುಗಳು ಆ ದಿನವೇ ಕಸಕ್ಕೆ ಹೋಗಿದ್ದವು. ಹಾಳೆಗಳ ಅಂಚು ಮಾತ್ರ ಗೆರೆ ಎಳೆದಷ್ಟು ನೇರವಾಗಿತ್ತು. ಅತ್ತೆ ಆ ಅಂಚಿನ ಮೇಲೆ ಬೆರಳಾಡಿಸಿದರೇ ಹೊರತು ಸೊಲ್ಲೆತ್ತಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಬಾಯಿ ಮುಚ್ಚಿಸಲು ಒದ್ದಾಡಿದವಳು ನಾನು. ಈಗ ಮುಚ್ಚಿದ್ದನ್ನು ನೋಡಿ, ಒಂದು ಸಲ ಜಂಬ ಕೊಚ್ಚಬಾರದೇ ಅನ್ನಿಸಿತು.

"ಅವಳಿಗೆ ತೋರಿಸೋದು ಬೇಡ. ಪುಟಪುಟಕ್ಕೂ ಕತ್ತು ಕುಯ್ದಿದೀನಿ" ಎಂದರು ಮನೆಗೆ ಬಂದು.

"ತಂದು ತೋರಿಸ್ಲಿ ಅಂದಿದ್ರು. ಪೂರ್ತಿ ತೋರಿಸ್ಲಿ ಅಂದಿದ್ರಾ? ಎದ್ದೇಳಿ ಅತ್ತೆ."

ಮೇಡಂ ನಕಲು ಮಾಡಿಸಿಕೊಟ್ಟ ಹಾಳೆಗಳ ಕಟ್ಟನ್ನು ಹಿಡಿದು ಮರುದಿನ ಬೆಳಿಗ್ಗೆ ಹೋದೆವು. ದೊಡ್ಡಮ್ಮ ಕಿಟಕಿಯ ಬಳಿ ಕೂತಿದ್ದರು. ಕಟ್ಟನ್ನು ಅವರ ಮುಂದಿಟ್ಟವಳು ನಾನೇ. ಅತ್ತೆ ಬಾಗಿಲ ಹತ್ತಿರವೇ ನಿಂತರು. ದೊಡ್ಡಮ್ಮ ಮೊದಲ ಪುಟವನ್ನು ಬೆಳಕಿಗೆ ಹಿಡಿದರು. ಭೂತಗನ್ನಡಿ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದರು. ಪುಟದ ಕೊನೆ ಹತ್ತಿರ ಬಂದ ಹಾಗೆ ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ಅಕ್ಷರ ಮುಗಿಯಿತು. ಓದು ನಿಲ್ಲಲಿಲ್ಲ. ಖಾಲಿ ಅಂಚಿನ ಮೇಲೆ ಕಣ್ಣಿಟ್ಟುಕೊಂಡೇ ದೊಡ್ಡಮ್ಮ ಇನ್ನೆರಡು ಸಾಲು ಹೇಳಿ ಪುಟ ಮಗುಚಿದರು. ಎರಡನೆಯ ಪುಟದಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ, ಎಲ್ಲೂ ತಡವರಿಸಲಿಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. ನನ್ನನ್ನು ದಾಟಿಕೊಂಡು ಮುಂದೆ ಬಂದರು.

"ಪೂರ್ತಿ ಬಾಯಿಗೆ ಬರತ್ತಾ ನಿಂಗೆ?"

"ಹ್ಞೂಂ."

"ಮತ್ತೆ ಇಷ್ಟು ವರ್ಷ ಯಾಕೆ ಕೂತ್ಕೊಂಡೆ? ಇನ್ನೊಂದ್ಸಲ ಬರೀಬಹುದಿತ್ತಲ್ಲೇ!"

ದೊಡ್ಡಮ್ಮ ಭೂತಗನ್ನಡಿ ಕೆಳಗಿಟ್ಟು ತಂಗಿಯ ಮುಖ ನೋಡಿದರು.

"ಬರೆದಿದ್ರೆ, ನೀನು ಸುಟ್ಟಿದ್ದು ಹೌದು ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತು."

ಅತ್ತೆ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಮುಚ್ಚಿಟ್ಟುಕೊಳ್ಳುವುದೇಕೆ, ನಾನೂ ಅತ್ತುಬಿಟ್ಟೆ. ದೊಡ್ಡಮ್ಮ ಮಾತ್ರ ಮೇಜಿನ ಖಾನೆಯಲ್ಲಿ ತಡಕಾಡಿ ಒಂದು ಪೆನ್ಸಿಲ್ ತೆಗೆದು ತಂಗಿಯ ಕಡೆ ಚಾಚಿದರು.

"ಕಣ್ಣು ಒರೆಸ್ಕೊಂಡು ಬಂದು ಕೂತ್ಕೋ. ಕತ್ತರಿಸಿದೋಳು ನೀನು, ಬರೆಯೋಳೂ ನೀನೇ. ನಾನು ಹೇಳ್ತೀನಿ."

ಅತ್ತೆ ಎದ್ದು ಅಕ್ಕನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಮೊದಲ ಪುಟ ಹತ್ತಿರಕ್ಕೆ ಸರಿಸಿ, ಕೊನೆಯ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟು, "ಹೇಳು" ಎಂದರು.