ಹೆಣದ ಪಾರ್ಟಿಗೆ ಹೋದ ಲಕ್ಕಮ್ಮ

ಬಡವನಹಳ್ಳಿಯ ಲಕ್ಕಮ್ಮನಿಗೆ ಐವತ್ತೆರಡು ವರ್ಷ. ಅದರಲ್ಲಿ ಮೂವತ್ತು ವರ್ಷ ಹುಣಸೆಹಣ್ಣು ಕುಟ್ಟುವುದರಲ್ಲೇ ಕಳೆದಿವೆ. ಬಿಸಿಲು ಏರುವ ಕಾಲಕ್ಕೆ ಗಂಡಸರು ಮರ ಹತ್ತಿ ಕೊಂಬೆ ಬಡಿಯುತ್ತಾರೆ. ಹೆಂಗಸರು ಸುತ್ತ ಕೂತು ಸಿಪ್ಪೆ ಬಿಡಿಸಿ, ನಾರು ಎಳೆದು, ಕುಟ್ಟಿ ಬೀಜ ತೆಗೆಯುತ್ತಾರೆ. ಹುಳಿ ಬೆರಳಿನ ಸಂದಿಗೆ ಇಳಿದು ಚರ್ಮ ಸೀಳುತ್ತದೆ, ಸೀಳಿದ್ದು ಕಪ್ಪಾಗುತ್ತದೆ. ಲಕ್ಕಮ್ಮನ ಕೈ ಮಣಿಕಟ್ಟಿನವರೆಗೆ ಒಂದು ಬಣ್ಣ, ಅದರ ಮೇಲೆ ಇನ್ನೊಂದು ಬಣ್ಣ. ಗೆಣ್ಣುಗಳು ಊದಿಕೊಂಡು ಹಸಿ ಶುಂಠಿಯ ಹಾಗೆ ಕಾಣುತ್ತವೆ.

ಅವಳ ಗಂಡ ವೆಂಕಟರಾಮಯ್ಯ ಮರ ಹತ್ತುವವನು. ಈ ಸಲದ ಸುಗ್ಗಿಯಲ್ಲಿ ಕೊಂಬೆ ಮುರಿದು ಬಿದ್ದ. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಮರ ಗುತ್ತಿಗೆ ಹಿಡಿದಿದ್ದ ಸಾಹುಕಾರ ಒಂದು ಸಲ ಬಂದು, ಬಾಗಿಲಲ್ಲೇ ನಿಂತು ನೋಡಿ, ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಹೋದ. ಮಲಗಿ ಮಲಗಿ ವೆಂಕಟರಾಮಯ್ಯನ ಬೆನ್ನಿನಲ್ಲಿ ಹುಣ್ಣಾಯಿತು. ಮಧುಗಿರಿಯ ಡಾಕ್ಟರು, "ನೀರು ತುಂಬೋ ಹಾಸಿಗೆ ತಗೊಳ್ಳಮ್ಮ. ತಡ ಮಾಡಿದ್ರೆ ಹುಣ್ಣು ಮೂಳೆಗೆ ಇಳಿಯುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ" ಅಂದರು. ಆದರೆ ಅದು ಮಳೆಗಾಲ. ಹುಣಸೆ ಕೆಲಸ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಲಕ್ಕಮ್ಮನ ಅಣ್ಣನ ಮಗ ನವೀನ್ ಕುಮಾರ್ ಬೈಕಿನಲ್ಲಿ ಬಂದ.

"ಅತ್ತೆ, ಮಧುಗಿರಿ ಬೆಟ್ಟದ ತಾವ ಸಿನಿಮಾ ತೆಗೀತಾವ್ರೆ. ಹೆಣದ ಪಾರ್ಟಿಗೆ ಐವತ್ತು ಜನ ಬೇಕಂತೆ. ಮೂರು ದಿನ."

"ಹೆಣ ಆಗಾಕೆ ಮೂರು ದಿನ ಯಾಕ್ಲಾ? ಒಂದು ಗಳಿಗೆ ಸಾಕಲ್ಲ."

"ಇವು ಮಲಗೋ ಹೆಣ ಅಲ್ಲ ಕಣತ್ತೆ, ಎದ್ದು ಓಡಾಡೋವು. ಜಾಂಬಿ ಅಂತಾರೆ. ಮೂರು ದಿನಾನೂ ಬಂದ್ರೇನೇ ಕೂಲಿ. ನಡುವೆ ಬುಟ್ರೆ ಏನೂ ಇಲ್ಲ."

ಮೂರು ದಿನದ ಕೂಲಿ ಬಂದರೆ ಹಾಸಿಗೆ ಬರುತ್ತದೆ. ಲಕ್ಕಮ್ಮ ಬೇರೇನೂ ಕೇಳದೆ ಒಪ್ಪಿಕೊಂಡಳು.

ಮಾರನೆಯ ಬೆಳಿಗ್ಗೆ ಬಡವನಹಳ್ಳಿಯ ಹೆಂಗಸರನ್ನು ತುಂಬಿಕೊಂಡ ಟೆಂಪೊ ಬೆಟ್ಟದ ಬುಡದಲ್ಲಿ ನಿಂತಿತು. ಅವರು ಒಬ್ಬೊಬ್ಬರಾಗಿ ಇಳಿಯುವುದನ್ನು ನೋಡಿ ಸಿನಿಮಾದವರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಎಲ್ಲರೂ ತಲೆಗೆ ನೀರು ಹಾಕಿಕೊಂಡು ಬಂದಿದ್ದರು. ವಿಧವೆಯೊಬ್ಬಳನ್ನು ಬಿಟ್ಟರೆ ಎಲ್ಲರ ಕೆನ್ನೆಗೂ ಅರಿಶಿನ, ಹಣೆಯ ಮೇಲೆ ಕಾಸಗಲ ಕುಂಕುಮ, ಮುಡಿ ತುಂಬ ಹೂವು, ಕೈ ತುಂಬ ಹಸಿರು ಬಳೆ. ಇದ್ದದ್ದರಲ್ಲಿ ಒಳ್ಳೆಯ ಸೀರೆ.

"ಏನ್ರಮ್ಮ, ಮದುವೆಗೆ ಬಂದಿದ್ದೀರಾ?" ಎಂದ ನಿರ್ದೇಶಕ. ಸುತ್ತಲಿದ್ದವರು ನಕ್ಕರು.

ಲಕ್ಕಮ್ಮನ ಪಕ್ಕದ ಮನೆಯ ಲಕ್ಷ್ಮೀದೇವಿಗೆ ಸಿಟ್ಟು ಬಂತು. "ನೀವೇ ಹೆಣ ಅಂದ್ರಲ್ಲ ಸ್ವಾಮಿ. ಮುತ್ತೈದೆ ಸತ್ರೆ ಇಂಗೇ ಸಿಂಗಾರ ಮಾಡಿ ಕಳ್ಸೋದು. ನಿಮ್ ಕಡೆ ಬೋಳು ಬೋಳಾಗಿ ಕಳಿಸ್ತಾರಾ?"

ಸಿನಿಮಾದವರು ಡ್ರಮ್ಮಿನ ನೀರು ತೋರಿಸಿದರು. ಹೆಂಗಸರು ಹೂವು ತೆಗೆದು ಸೆರಗಿಗೆ ಕಟ್ಟಿಕೊಂಡರು, ಅರಿಶಿನ ಕುಂಕುಮ ತೊಳೆದುಕೊಂಡರು. ತೊಳೆದ ಮುಖಕ್ಕೆ ಬೂದಿ, ಕೆಮ್ಮಣ್ಣು ಹಚ್ಚಲಾಯಿತು. ಬಂಡೆಯ ಮೇಲೆ ಹಲಗೆಯಲ್ಲಿ ಕಟ್ಟಿದ ಕೋಟೆ ಗೋಡೆ ಇತ್ತು. ಕೋಟೆಯೊಳಗಿನ ಶ್ರೀಮಂತರ ಪಾರ್ಟಿನವರು ಪೆಂಡಾಲಿನಡಿ ಕುರ್ಚಿಯಲ್ಲಿ ಕೂತಿದ್ದರು. ಹೆಣಗಳು ಕೂತರೆ ಕುರ್ಚಿಗೆ ಬಣ್ಣ ಹತ್ತುತ್ತದೆ ಎಂದು ಅವರಿಗೆ ಬಂಡೆಯ ಮೇಲೇ ಜಾಗ. ಊಟವೂ ಕೋಟೆಯವರದಾದ ಮೇಲೆ.

ನಿರ್ದೇಶಕನ ಸಹಾಯಕಿ ಮಾನಸ, ಬೆಂಗಳೂರಿನ ಹುಡುಗಿ, ಹೆಣಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕತೆ ಹೇಳಿದಳು. ಕೋಟೆಯಲ್ಲಿರುವವರು ಕೆಳಗಿನವರನ್ನು ದುಡಿಸಿ ದುಡಿಸಿ ಸಾಯಿಸುತ್ತಾರೆ. ಸತ್ತವರು ಎದ್ದು ಬೆಟ್ಟ ಹತ್ತುತ್ತಾರೆ. "ಇದು ನಿಮ್ಮ ಕತೆನೇ ಅಮ್ಮ" ಎಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ಅವಳ ಕಣ್ಣು ತುಂಬಿತ್ತು.

"ಮ್ಯಾಕೆ ಹತ್ತಿ ಏನ್ ಮಾಡ್ತೀವಿ?" ಎಂದು ಕೇಳಿದಳು ಲಕ್ಕಮ್ಮ.

"ಅವರನ್ನ ತಿಂತೀರಿ."

"ಥೂ! ಅವ್ರನ್ಯಾಕೆ ತಿನ್ನಾನ? ಒಳಗೆ ಅನ್ನ ಇರಾಕಿಲ್ವಾ?"

ಹೆಣಗಳೆಲ್ಲ ನಕ್ಕವು. ಮಾನಸಳೂ ನಕ್ಕಳು. ನಗುತ್ತಲೇ ಲಕ್ಕಮ್ಮನ ಕೈ ಹಿಡಿದವಳು ಅದನ್ನು ತಿರುಗಿಸಿ ನೋಡಿದಳು, ಕ್ಯಾಮೆರಾದವನನ್ನು ಕೂಗಿ ತೋರಿಸಿದಳು. ನಿರ್ದೇಶಕನೂ ಬಂದ. ಈ ಕೈಗೆ ಬಣ್ಣವೇ ಬೇಡ ಎಂದ. ಕೋಟೆಯ ಅಂಚಿನಲ್ಲಿ ಮೊದಲು ಕಾಣುವ ಕೈ ಇದೇ, ಮೂರು ದಿನವೂ ಇದನ್ನು ಹತ್ತಿರದಿಂದ ತೆಗೆಯಬೇಕು, ಬಳೆ ಮಾತ್ರ ಯಾವ ಹೆಣದ ಕೈಯಲ್ಲೂ ಇರಕೂಡದು.

ಉಳಿದವರು ಅಷ್ಟರಲ್ಲಿ ಬಳೆ ಜಾರಿಸಿ ಸೆರಗಿನ ಗಂಟಿಗೆ ಸೇರಿಸಿದ್ದರು. ಲಕ್ಕಮ್ಮನವು ಜಾರಲಿಲ್ಲ. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು. ಗೆಣ್ಣಿನ ಹತ್ತಿರ ಬಂದು ನಿಂತುಬಿಡುತ್ತಿದ್ದವು.

"ಒಡೆದರಾಯ್ತಲ್ಲ" ಎಂದ ಮೇಕಪ್ಪಿನವನು.

ಹೆಂಗಸರ ನಗು ನಿಂತಿತು. ಗಂಡ ಸತ್ತಾಗ ವಿಧವೆಯರು ಹೆಂಡತಿಯನ್ನು ಕೂರಿಸಿ ಬಳೆ ಒಡೆಯುತ್ತಾರೆ. ಬದುಕಿರುವ ಗಂಡನ ಹೆಂಡತಿಗೆ ಯಾರೂ ಒಡೆಯುವುದಿಲ್ಲ. ಲಕ್ಕಮ್ಮನ ಕಣ್ಣ ಮುಂದೆ ವೆಂಕಟರಾಮಯ್ಯನ ಬೆನ್ನು ಬಂತು.

"ಅವ್ವಾ, ಬಟ್ಟೆ ಸುತ್ಕೊಂಡ್ರೆ ಆಗಾಕಿಲ್ವಾ?"

ಮಾನಸ ಹೋಗಿ ಕೇಳಿ ಬಂದಳು. ತಲೆ ತಗ್ಗಿಸಿ, "ಮಣಿಕಟ್ಟು ಕಾಣಬೇಕಂತೆ. ಬೇಡ ಅಂದ್ರೆ ಬಿಡಿ ಅಮ್ಮ, ಬೇರೆಯವರನ್ನ..." ಎಂದಳು.

ಹೆಂಗಸರ ಜೊತೆ ಬಂದಿದ್ದ ನವೀನ್ ಮಧ್ಯೆ ಬಾಯಿ ಹಾಕಿದ. "ಅತ್ತೆ, ಇಲ್ಲಿಗೆ ಬುಟ್ರೆ ಈವತ್ತಿಂದೂ ಇಲ್ಲ ಕಣತ್ತೆ."

ಹೆಣಗಳ ಗುಂಪಿನಲ್ಲಿ ವಿಧವೆಯೆಂದರೆ ದಾಕ್ಷಾಯಣಮ್ಮ ಒಬ್ಬಳೇ. ಎಲ್ಲರೂ ಅವಳತ್ತ ತಿರುಗಿದರು. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು. "ನನ್ ಕೈಲಿ ಮಾತ್ರ ಮಾಡಿಸ್ಬೇಡಿ ಕಣಮ್ಮ. ಅವನು ಬದುಕವ್ನೆ."

ಲಕ್ಕಮ್ಮ ಬಂಡೆಯ ಹತ್ತಿರ ಹೋಗಿ ಎಲ್ಲರಿಗೂ ಬೆನ್ನು ಮಾಡಿ ಕೂತಳು. ಎಡಗೈಯನ್ನು ಕಲ್ಲಿಗೆ ಬಡಿದಳು, ಆಮೇಲೆ ಬಲಗೈಯನ್ನು. ಹಸಿರು ಚೂರುಗಳನ್ನು ಆರಿಸಿ, ಯಾರೂ ತುಳಿಯಬಾರದೆಂದು ಬಂಡೆಯ ಬಿರುಕಿಗೆ ಹಾಕಿದಳು. ಬಲ ಮಣಿಕಟ್ಟಿನಲ್ಲಿ ರಕ್ತ ಬಂದಿತ್ತು. ಒರೆಸಿಕೊಳ್ಳಲು ಹೋದರೆ ಕ್ಯಾಮೆರಾದವನು, "ಬೇಡ, ಇರಲಿ ಇರಲಿ" ಎಂದ. ಕೋಟೆಯ ಅಂಚಿಗೆ ಕೈ ಹಾಕಿ ಹತ್ತುವುದನ್ನು ಹನ್ನೊಂದು ಸಲ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಟೆಂಪೊ ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಬಳೆ ಅಂಗಡಿ ತೆರೆದಿತ್ತು. ಇನ್ನೂ ಎರಡು ದಿನ ಬರಿಗೈ ಬೇಕು. ಲಕ್ಕಮ್ಮ ಆ ಕಡೆ ನೋಡದೆ ಮನೆಗೆ ನಡೆದಳು.

ವೆಂಕಟರಾಮಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಾನಾಗಿ ಹೊರಳಲಾರ. ಅವಳು ಹಿಂದೆ ಕೂತು ಬಿಸಿನೀರಿನ ಬಟ್ಟೆಯಿಂದ ಹುಣ್ಣು ಒರೆಸತೊಡಗಿದಳು.

"ಯಾರು?" ಎಂದ ಅವನು.

"ನಾನೇ."

ಅವನು ಕಿವಿಗೊಟ್ಟು ಕೇಳಿದ. ಅವಳ ಕೈ ಅವನ ಬೆನ್ನ ಮೇಲೆ ಆಡುತ್ತಿತ್ತು, ಆದರೆ ಬಳೆಯ ಸದ್ದಿರಲಿಲ್ಲ. ಗೋಡೆಗೇ ಹೇಳುವವನ ಹಾಗೆ ಕೇಳಿದ:

"ಲಕ್ಕೀ, ನಾನು ಹೋಗ್ಬುಟ್ನೇನೆ?"

"ಬುಡ್ತು ಅನ್ನು! ನೀನಲ್ಲ. ಸತ್ತಿರೋಳು ನಾನು, ಸಿನಿಮಾದಾಗೆ. ಅಲ್ಲಿ ಬಳೆ ಇರಬಾರ್ದಂತೆ."

"ಎಷ್ಟು ದಿನ?"

"ಇನ್ನೆರಡು ದಿನ. ಆಮೇಲೆ ಹಾಸಿಗೆ ಬತ್ತದೆ."

ಅವನು ಆ ಬರಿಗೈಯನ್ನು ತಡಕಿ ಹಿಡಿದುಕೊಂಡ. ರಕ್ತ ಹೆಪ್ಪುಗಟ್ಟಿದ ಜಾಗ ಬೆರಳಿಗೆ ಸಿಕ್ಕಿತು.

"ಟೆಂಪೊ ಎಷ್ಟೊತ್ತಿಗೆ?"

"ಕೋಳಿ ಕೂಗೋ ಹೊತ್ಗೆ."

"ಅಂಗಾದ್ರೆ ಉಂಡು ಮಲಗು" ಎಂದ ಅವನು. "ಹೊತ್ತಾರೆ ಏಳ್ಬೇಕಲ್ಲ."