ಬತೂಲ್ ಒಬ್ಬಳೇ ಕುಡಿದ ಚಹಾ

ಫೆಸ್ ಶಹರದ ಹಳೇ ಕೋಟೆಯೊಳಗೆ ಒಂಟಿಯಾಗಿ ಊರು ನೋಡಲು ಬರುವ ಪರದೇಶದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನ ಬತೂಲಳ ಕೈತಿಂಡಿ ತಿಂದವರೇ. ಹನ್ನೊಂದು ವರ್ಷದಿಂದ ಅವಳು ಒಂದು ಅತಿಥಿಗೃಹದಲ್ಲಿ ಅಡುಗೆಯವಳು. ಬೆನ್ನಿನ ಮೇಲೆ ಮನೆಯಷ್ಟು ದೊಡ್ಡ ಮೂಟೆ ಹೊತ್ತು ಬಂದವಳನ್ನು ಬಾಗಿಲಲ್ಲೇ ಹಿಡಿದು, "ಒಬ್ಬಳೇ ಬಂದೆಯಾ ಮಗಳೇ? ನಿಂಗೆಷ್ಟು ಗುಂಡಿಗೆಯೇ!" ಎನ್ನುವಳು. ಹುಡುಗಿಗೆ ಭಾಷೆ ತಿಳಿಯದಿದ್ದರೂ ಹೊಗಳಿಕೆ ತಿಳಿಯುತ್ತಿತ್ತು.

ಆ ಒಂಟಿತನದ ವೈಭವವನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಬತೂಲ್ ಅವಳನ್ನು ಓಣಿಯ ತುದಿಯವರೆಗೆ ಕೈಹಿಡಿದು ಬಿಟ್ಟು ಬರಬೇಕು. ಅಲ್ಲಿಂದ ಮುಂದೆ ದಾರಿ ತಪ್ಪಿದರೆ ತಾಮ್ರದ ಅಂಗಡಿಯವನು ತಿರುಗಿಸಿ ಕಳಿಸಬೇಕು, ಕತ್ತೆ ಗುದ್ದದ ಹಾಗೆ ಕತ್ತೆಯವನು ಗೋಡೆಗೆ ಸರಿಸಬೇಕು, ಸಂಜೆಗೆ ಹನ್ನೆರಡು ಹದಿಮೂರು ಜನ ಸೇರಿ ಕೈಯಿಂದ ಕೈಗೆ ದಾಟಿಸಿ ಮನೆ ಮುಟ್ಟಿಸಬೇಕು. ಆಮೇಲೆ ಅವಳು ಮಹಡಿಯ ಮೇಲೆ ಕೂತು, ಈ ಊರನ್ನು ನಾನೊಬ್ಬಳೇ ಸುತ್ತಿದೆ ಎಂದು ಲೋಕಕ್ಕೆಲ್ಲ ಬರೆಯುವಳು. ಬರೆಯುವಾಗ ಬೇಕಾದ ಪುದೀನ ಚಹಾ ತರುವವಳೂ ಬತೂಲಳೇ.

ಬತೂಲಳಿಗೆ ಐವತ್ತೊಂದು. ಗಂಡ ತೀರಿಕೊಂಡ ಮೇಲೆ ತಮ್ಮ ಇದ್ರೀಸನ ಮನೆಯ ಮೇಲಂತಸ್ತಿನ ಕೋಣೆ ಅವಳದು. ಇದ್ರೀಸನದು ಚರ್ಮದ ಚಪ್ಪಲಿಯ ಅಂಗಡಿ. ಮಾರುವುದಕ್ಕಿಂತ ಮಾನ ಕಾಯುವುದರಲ್ಲೇ ಅವನ ಹೊತ್ತು ಹೆಚ್ಚು ಹೋಗುತ್ತಿತ್ತು. "ಅಕ್ಕ, ಪರದೇಶದವರ ಚಾಕರಿಗೆ ನಾನು ಒಪ್ಪಿದ್ದೇ ದೊಡ್ಡದು. ನಿನ್ನ ಬಗ್ಗೆ ಒಂದೇ ಒಂದು ಮಾತು ನನ್ನ ಕಿವಿಗೆ ಬಿದ್ರೆ ಆವತ್ತಿಗೆ ಕೆಲಸ ಬಂದ್," ಎಂದು ಹಬ್ಬಕ್ಕೊಮ್ಮೆ ನೆನಪಿಸುತ್ತಿದ್ದ.

ಆ ಓಣಿಯಲ್ಲಿ ಹೆಂಗಸು ಹೊರಗೆ ಹೋಗಬಾರದು ಎಂದೇನೂ ಇರಲಿಲ್ಲ. ಹೋಗಬಹುದು, ಆದರೆ ಕೈಯಲ್ಲಿ ಒಂದು ಕಾರಣ ಇರಬೇಕು. ರೊಟ್ಟಿಯ ಹಲಗೆ ಹಿಡಿದರೆ ಎಲ್ಲರ ರೊಟ್ಟಿ ಸುಡುವ ಬೀದಿ ಒಲೆಗೆ, ಬಕೆಟ್ಟು ಹಿಡಿದರೆ ಹಮಾಮಿನ ಬಿಸಿನೀರ ಸ್ನಾನಕ್ಕೆ, ಶುಕ್ರವಾರ ಅಂಜೂರ ಹಿಡಿದರೆ ಗೋರಿಗೆ. ಬರಿಗೈಯಲ್ಲಿ ಹೊರಟ ಹೆಂಗಸನ್ನು ಎಲ್ಲಿ ಸೇರಿಸಬೇಕೆಂದು ಓಣಿಗೆ ತಿಳಿಯುತ್ತಿರಲಿಲ್ಲ.

ಬತೂಲಳ ಆಸೆ ಕೇಳಿದರೆ ನಗು ಬರುತ್ತದೆ. ಬಾಬ್ ಬೂಜ್ಲೂದ್ ಎಂಬ ನೀಲಿ ಹೆಬ್ಬಾಗಿಲಿನ ಎದುರು, ಮಾಳಿಗೆಯ ಮೇಲೊಂದು ಚಹಾದಂಗಡಿ ಇದೆ. ಊರ ಗಂಡಸರೂ ಪರದೇಶದ ಹುಡುಗಿಯರೂ ಅಲ್ಲಿ ಕೂರುತ್ತಾರೆ. ಹುಡುಗಿಯರನ್ನು ಅದರ ಮೆಟ್ಟಿಲವರೆಗೆ ಬಿಟ್ಟು ಅವಳು ನೂರು ಸಲ ಹಿಂದಿರುಗಿದ್ದಳು. ಲಕ್ಷ ಲೋಟ ಚಹಾ ಬಗ್ಗಿಸಿದ ಕೈ ಅವಳದು, ಅವಳಿಗೆಂದು ಯಾರೂ ಒಂದು ಲೋಟ ಬಗ್ಗಿಸಿರಲಿಲ್ಲ. ಆ ಮಾಳಿಗೆಯ ಮೇಲೆ ಒಬ್ಬಳೇ ಕೂತು, ಬೇರೆಯವರ ಕೈಯಿಂದ ಒಂದು ಲೋಟ ಚಹಾ ಹಾಕಿಸಿಕೊಂಡು ಕುಡಿಯಬೇಕು. ಅಷ್ಟೇ. ಅಷ್ಟಕ್ಕೆ ಕೆಲಸವೇ ಹೋಗಬಹುದೆಂಬುದು ಅವಳಿಗೂ ಗೊತ್ತಿತ್ತು.

ಒಂದು ಗುರುವಾರ ರಜೆ ಸಿಕ್ಕಿತು. ಬತೂಲ್ ಬಕೆಟ್ಟು ತೆಗೆದುಕೊಂಡಳು. ಅದರಲ್ಲಿ ಚಾಪೆ, ಮೈ ತಿಕ್ಕುವ ಕೈಚೀಲ, ಕಪ್ಪು ಸೋಪು ಎಲ್ಲವನ್ನೂ ಮೇಲೆ ಕಾಣುವ ಹಾಗೆ ಜೋಡಿಸಿದಳು. ಹಮಾಮಿಗೆ ಹೋದ ಹೆಂಗಸು ಮೂರು ಗಂಟೆ ಕಾಣದಿದ್ದರೂ ಕೇಳುವವರಿಲ್ಲ, ಯಾವ ಗಂಡಸೂ ಒಳಗೆ ಇಣುಕಿ ನೋಡುವಂತಿಲ್ಲ. ಇಷ್ಟು ಭದ್ರವಾದ ಸುಳ್ಳು ಫೆಸ್ಸಿನಲ್ಲಿ ಮತ್ತೊಂದಿಲ್ಲ.

"ಎಲ್ಲಿಗೆ ಲಾಲ್ಲಾ ಬತೂಲ್?" ಎಂದು ಮರ್ಯಾದೆಯ ಲಾಲ್ಲಾ ಸೇರಿಸಿ ಕೇಳಿದ ಪುದೀನ ಮಾರುವವನು.

"ಹಮಾಮಿಗಪ್ಪ. ಮೈಯೆಲ್ಲ ಈರುಳ್ಳಿ ವಾಸನೆ."

"ಒಳ್ಳೇದು, ಒಳ್ಳೇದು," ಎಂದು ಅವನು ಪಕ್ಕದ ಅಂಗಡಿಯವನ ಮುಖ ನೋಡಿದ.

ದರ್ಜಿ ಕೇಳಿದ, ಗುಂಡಿ ಮಾರುವ ಮುದುಕಿ ಕೇಳಿದಳು. ಬೀದಿ ಒಲೆಯ ಕದ್ದೂರ್ ಅಜ್ಜನಂತೂ ರೊಟ್ಟಿ ತೆಗೆಯುವ ಉದ್ದನೆ ಸೌಟನ್ನು ಹಾಗೇ ಹಿಡಿದು ನಿಂತು, "ಚೆನ್ನಾಗಿ ತಿಕ್ಕಿಸ್ಕೋ ತಾಯಿ!" ಎಂದ. ಈ ಅಜ್ಜ ಓಣಿಯ ವರ್ತಮಾನಪತ್ರಿಕೆ. ಪ್ರತಿ ಮನೆಯ ಹಿಟ್ಟಿನ ಮೇಲಿರುವ ಗುರುತು ನೋಡಿ, ಯಾವ ಮನೆಗೆ ನೆಂಟರು ಬಂದರು, ಯಾವ ಸೊಸೆ ಮುನಿದು ತವರಿಗೆ ಹೋದಳು, ಎಲ್ಲವನ್ನೂ ಓದಿ ಹೇಳುತ್ತಿದ್ದ. ಒಲೆಯ ಹಿಂಬದಿಗೇ ಹಮಾಮಿನ ಬೆಂಕಿಗೂಡು. ಆವತ್ತು ಬೆಳಿಗ್ಗೆ ಅದರ ಹಂಡೆ ಒಡೆದು ಹಮಾಮು ಬಾಗಿಲು ಹಾಕಿತ್ತು. ಅದು ಓಣಿಗೆಲ್ಲ ಗೊತ್ತಿತ್ತು, ಬತೂಲಳೊಬ್ಬಳಿಗೆ ಬಿಟ್ಟು. ಒಬ್ಬರಾದರೂ ಹೇಳಬೇಕೋ ಬೇಡವೋ? ಹೇಳಿದರೆ ಅವಳು ಮನೆಗೆ ಹಿಂದಿರುಗಿಬಿಟ್ಟಾಳು ಎಂಬ ಭಯ ಎಲ್ಲರಿಗೂ! ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯಲು ಹೊರಟಿತ್ತು, ಊರು ಕಣ್ಣರಳಿಸಿ ನೋಡುತ್ತಿತ್ತು.

ಮಾಳಿಗೆಯ ಮೇಲೆ ಬತೂಲ್ ಮೂಲೆಯ ಮೇಜು ಹಿಡಿದಳು. ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡಳು. ಚಹಾ ತರುವವನು ಬಂದು ಸುತ್ತ ನೋಡಿದ.

"ಅತಿಥಿಗಳು ಎಲ್ಲಿ ಚಿಕ್ಕಮ್ಮ?"

"ನಾನೇ ಅತಿಥಿ. ಎತ್ತರದಿಂದ ಬಗ್ಗಿಸು, ನೊರೆ ಬರಲಿ."

ಅವನು ಬಗ್ಗಿಸಿದ. ಸಕ್ಕರೆ ಹೆಚ್ಚಾಗಿತ್ತು, ಪುದೀನ ಬಾಡಿತ್ತು. ತನ್ನ ಅಡುಗೆಮನೆಯಲ್ಲಾಗಿದ್ದರೆ ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದಳು. ಇಲ್ಲಿ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಕೆಳಗೆ ಕತ್ತೆಗಳು, ಕೈಗಾಡಿಗಳು, ಬಾಯಿಗೊಂದು ಕೂಗು. ಐವತ್ತೊಂದು ವರ್ಷ ಅದರೊಳಗೆ ನುಸುಳಿ ನಡೆದವಳು ಮೊದಲ ಸಲ ಅದನ್ನು ಮೇಲಿನಿಂದ ನೋಡಿದಳು.

ಈ ಸುಖ ಅರ್ಧ ಲೋಟಕ್ಕೆ ಮುಗಿಯಿತು. ಮೆಟ್ಟಿಲು ಹತ್ತಿ ಬಂದವಳು ಮಾರಿಟ್, ನಾರ್ವೆಯವಳು, ಅತಿಥಿಗೃಹದ ಮೂರನೇ ಕೋಣೆಯವಳು. ಏಳು ದೇಶ ಒಬ್ಬಳೇ ತಿರುಗಿದ ಧೀರೆ. ಬತೂಲಳನ್ನು ಕಂಡದ್ದೇ ತಡ, ಸಂತೆಯಲ್ಲಿ ತಾಯಿ ಸಿಕ್ಕಂತೆ ಓಡಿಬಂದು, ಕೇಳದೆ ಎದುರಿನ ಕುರ್ಚಿಯಲ್ಲಿ ಕೂತಳು. ಕಲಿತಿದ್ದ ನಾಲ್ಕು ಮಾತನ್ನೂ ಖರ್ಚು ಮಾಡಿದಳು: "ಬತೂಲ್! ಒಳ್ಳೇದು! ನಾನು ಒಬ್ಬಳೇ! ಭಯ!"

"ನಾನೂ ಒಬ್ಬಳೇ ಇದ್ದೆ ಕಣೇ, ನೀನು ಬರೋವರೆಗೆ," ಎಂದಳು ಬತೂಲ್. ಮಾರಿಟ್ ನಕ್ಕು ಅವಳ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಇದ್ರೀಸನ ಬೋಳುತಲೆ ಕಾಣಿಸಿತು. ಅವನ ಹಿಂದೆ ಕದ್ದೂರ್ ಅಜ್ಜ. ಒಲೆಯಲ್ಲಿ ಯಾರ ರೊಟ್ಟಿ ಸೀದುಹೋಗುತ್ತಿತ್ತೋ ದೇವರೇ ಬಲ್ಲ.

"ಹಮಾಮು ಮುಚ್ಚಿದೆ," ಎಂದ ಇದ್ರೀಸ್. ಬಕೆಟ್ಟನ್ನು ನೋಡಿದ, ಅಕ್ಕನನ್ನು ನೋಡಿದ, ಸುತ್ತಲಿನ ಗಂಡಸರನ್ನು ನೋಡಿದ. ಆಮೇಲೆ ಮಾರಿಟ್ ಕಣ್ಣಿಗೆ ಬಿದ್ದಳು. ಅವನ ಮುಖಕ್ಕೆ ಜೀವ ಬಂತು. "ಓ! ಅತಿಥಿ ಜೊತೆ ಬಂದಿದ್ದೀಯಾ! ಮೊದಲೇ ಹೇಳಬಾರದಾ ಅಕ್ಕ? ಅತಿಥಿ ಕರೆದ್ರೆ ಏನು ಮಾಡೋಕಾಗುತ್ತೆ?"

ಕದ್ದೂರ್ ಅಜ್ಜನೂ ದೊಡ್ಡ ಮನಸ್ಸು ಮಾಡಿದ. "ಹೌದೌದು, ಕೆಲಸದ ಮೇಲೆ ಬಂದಿದ್ದಾಳೆ. ನಾನು ಅದನ್ನೇ ಹೇಳಿದ್ದು."

ಹೂಂ ಎಂದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ತಮ್ಮನ ಮಾನ ಉಳಿಯುತ್ತಿತ್ತು. ಹೋಗುತ್ತಿದ್ದದ್ದು ಆ ಅರ್ಧ ಲೋಟ ಮಾತ್ರ. ಅದನ್ನೂ ಯಾರದೋ ಚಾಕರಿಯ ಲೆಕ್ಕಕ್ಕೆ ಬಿಟ್ಟುಕೊಡಬೇಕೆನ್ನುವಾಗ ಬತೂಲಳಿಗೆ ರೇಗಿತು.

"ಇಲ್ಲ," ಎಂದಳು. "ನಾನು ಒಬ್ಬಳೇ ಬಂದೆ. ಚಹಾ ಕುಡಿಯೋಕೆ ಬಂದೆ. ಇವಳು ಆಮೇಲೆ ಬಂದು ನನ್ನ ಮೇಜಿಗೆ ಕೂತಿದ್ದು."

"ಅಕ್ಕ, ಜನ ಕೇಳಿಸ್ಕೊಳ್ತಿದ್ದಾರೆ..."

"ಕೇಳಿಸ್ಕೊಳ್ಳಲಿ ಅಂತಾನೇ ಹೇಳ್ತಿದ್ದೀನಿ."

"ನಾಳೆಯಿಂದ ಕೆಲಸ ಬಂದ್!"

"ಆಗಲಿ," ಎಂದು ಅವಳು ಉಳಿದ ಚಹಾ ಕುಡಿದು ಮುಗಿಸಿದಳು. ಆಮೇಲೆ ಬಕೆಟ್ಟು ಎತ್ತಿಕೊಂಡು ಮನೆಗೆ ಹೊರಟಳು. ಹಮಾಮಿನಿಂದ ಬಂದವರನ್ನು ಹರಸುವುದು ಅಲ್ಲಿಯ ವಾಡಿಕೆ. ಮುಚ್ಚಿದ ಹಮಾಮಿನಿಂದ ಒಣಗಿದ ಚಾಪೆಯೊಂದಿಗೆ ಬಂದವಳಿಗೆ ದರ್ಜಿ, ಮುದುಕಿ, ಪುದೀನದವನು ಎಲ್ಲರೂ ಮೀಸೆಯಡಿ, ಸೆರಗಿನಡಿ ನಗುತ್ತ, "ಮೈಗೆ ಹತ್ತಲಿ ಲಾಲ್ಲಾ, ಆರೋಗ್ಯ ತರಲಿ!" ಎಂದರು. "ದೇವರು ನಿಮಗೂ ಆರೋಗ್ಯ ಕೊಡಲಿ," ಎಂದು ಒಬ್ಬೊಬ್ಬರ ಮುಂದೂ ನಿಂತು ಉತ್ತರ ಕೊಟ್ಟಳು.

ಕೆಲಸ ಬಂದ್ ಎಂದ ಮೇಲೆ ಎಲ್ಲ ಕೆಲಸವೂ ಬಂದ್ ತಾನೇ? ಶುಕ್ರವಾರ ಬೆಳಿಗ್ಗೆ ಬತೂಲ್ ಹಿಟ್ಟು ನಾದಲಿಲ್ಲ. ಇದ್ರೀಸನ ಹೆಂಡತಿ ರ್ಕಿಯಾ ಬಳೆ ತುಂಬಿದ ಕೈಯನ್ನು ಹಿಟ್ಟಿಗೆ ಹಾಕಿ ಹದಿನೈದು ವರ್ಷವಾಗಿತ್ತು. ಆ ಮನೆಯ ಮೂರು ತೂತಿನ ಗುರುತಿನ ರೊಟ್ಟಿ ಒಲೆಗೆ ಬರಲಿಲ್ಲ. ಕದ್ದೂರ್ ಅಜ್ಜ ಮಧ್ಯಾಹ್ನದೊಳಗೆ ಅದನ್ನು ನಲವತ್ತು ಮನೆಗೆ ಓದಿ ಹೇಳಿದ. ಶನಿವಾರ ಇದ್ರೀಸ್ ಅಂಗಡಿಯ ರೊಟ್ಟಿಯನ್ನು ಜೆಲ್ಲಾಬಾ ನಿಲುವಂಗಿಯೊಳಗೆ ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ಬಂದದ್ದೂ ಪತ್ರಿಕೆಗೆ ಸಿಕ್ಕಿತು. "ಪಾಪ, ಇಬ್ಬರು ಹೆಂಗಸರಿರೋ ಮನೆ, ಗಂಡಸು ಅಂಗಡಿ ರೊಟ್ಟಿ ತಿಂತಾನೆ," ಎಂದಳು ಗುಂಡಿ ಮಾರುವ ಮುದುಕಿ. ಅಕ್ಕ ಚಹಾ ಕುಡಿದದ್ದು ಎರಡೇ ದಿನದಲ್ಲಿ ಹಳೇ ಸುದ್ದಿಯಾಯಿತು.

ಭಾನುವಾರ ಇದ್ರೀಸ್ ಮೇಲಂತಸ್ತಿಗೆ ಹತ್ತಿ ಬಂದು, ಬಾಗಿಲಲ್ಲಿ ನಿಂತು, ಗೋಡೆಗೆ ಹೇಳಿದ: "ಅತಿಥಿಗೃಹದವರು ನಿನ್ನ ಕೇಳ್ತಿದ್ದರು. ಹೋಗು ಬೇಕಿದ್ರೆ."

"ಗುರುವಾರ ನನಗೆ ರಜೆ," ಎಂದಳು ಬತೂಲ್.

"ಗೊತ್ತು."

"ಗೊತ್ತಿರಲಿ ಅಂತ ಹೇಳಿದೆ." ಅವಳು ಎದ್ದು ತೋಳು ಮಡಚಿ ಹಿಟ್ಟಿನ ಹರಿವಾಣ ತೆಗೆದುಕೊಂಡಳು.

ಮುಂದಿನ ಗುರುವಾರ ಅವಳು ಬರಿಗೈಯಲ್ಲಿ ಹೊರಟಳು. ಹಮಾಮು ರಿಪೇರಿಯಾಗಿ ಹೊಗೆ ಬಿಡುತ್ತಿತ್ತು.

"ಎಲ್ಲಿಗೆ ಲಾಲ್ಲಾ ಬತೂಲ್?" ಎಂದ ಪುದೀನದವನು.

"ಚಹಾ ಕುಡಿಯೋಕೆ."

ಅವನು ಹರಸಲು ಬಾಯಿ ತೆರೆದ. ಸ್ನಾನಕ್ಕೆ, ಕ್ಷೌರಕ್ಕೆ, ಹೊಸ ಚಪ್ಪಲಿಗೆ, ಸಾವಿಗೆ, ಎಲ್ಲಕ್ಕೂ ಆ ಓಣಿಯಲ್ಲಿ ಒಂದೊಂದು ಹರಕೆಯ ಮಾತಿದೆ. ಒಬ್ಬಳೇ ಚಹಾ ಕುಡಿಯಲು ಹೊರಟ ಹೆಂಗಸಿಗೆ ಏನು ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಬಾಯಿ ತೆರೆದೇ ಇತ್ತು, ಬತೂಲ್ ದಾಟಿ ಹೋದಳು.