ಹೂ ಬಿಟ್ಟ ತೋಟಕ್ಕೆ ಯಾರೂ ಇಳಿಯಬಾರದು

ಹೋದ ವಾರ ಒಂದು ಹೋಮ್‌ಸ್ಟೇಯಲ್ಲಿ ಕೈ ತೊಳೆಯಲು ಹೋದೆ. ಅಲ್ಲಿಟ್ಟಿದ್ದ ಸೋಪಿನ ಬಾಟಲಿಯ ಮೇಲೆ ಕಾಫಿ ಹೂವಿನ ಚಿತ್ರವಿತ್ತು. ಒತ್ತಿದರೆ ಬಂದದ್ದು ಅಗ್ಗದ ಸೆಂಟಿನ ವಾಸನೆ. ಕಾಫಿ ಹೂವನ್ನು ಕಣ್ಣಲ್ಲೂ ಕಾಣದವರು ಯಾರೋ ಅದನ್ನು ಮಾಡಿರಬೇಕು. ಪ್ರವಾಸಿಗರು ಮೂಸಿ ಆಹಾ ಅನ್ನುತ್ತಾರಂತೆ, ಅನ್ನಲಿ. ನನಗೆ ಮಾತ್ರ ಆ ಸುಳ್ಳು ವಾಸನೆಯ ಹಿಂದೆಯೇ ನಿಜವಾದ ವಾಸನೆ ನೆನಪಾಯಿತು, ಅದರ ಜೊತೆಗೆ ನಮ್ಮ ಪಕ್ಕದ ತೋಟದ ದೊಡ್ಡಮ್ಮ...

ನಾನು ಅಲ್ಲಿಗೆ ಉಳಿಯಲು ಹೋದವಳಲ್ಲ. ಹೋಮ್‌ಸ್ಟೇಯ ಯಜಮಾನ ನಮ್ಮ ತೋಟದ ಅಂಚಿನಲ್ಲಿ ರಸ್ತೆ ಬಿಡಿ ಎಂದು ಕೇಳುತ್ತಿದ್ದ, ಮಾತಾಡೋಣ ಬನ್ನಿ ಎಂದು ಕರೆದಿದ್ದ. ಹಿಂದೆ ಅವನ ಅಪ್ಪ, ಆಚೆ ತೋಟದ ಸಾಹುಕಾರರು, ಇದೇ ರಸ್ತೆಯನ್ನು ದೊಡ್ಡಮ್ಮನ ತೋಟದ ನಡುವೆ ಕೇಳಿದ್ದರು. ಕೇಳಿದ್ದರು ಎನ್ನುವುದು ಮರ್ಯಾದೆಗೆ ಹೇಳುವ ಮಾತು.

ದೊಡ್ಡಮ್ಮ ನಮಗೆ ಸಂಬಂಧಿಕರಲ್ಲ. ನಾನು ಮದುವೆಯಾಗಿ ಮೂಡಿಗೆರೆ ಹತ್ತಿರದ ಈ ಊರಿಗೆ ಬಂದಾಗ ಬೇಲಿಯಾಚೆಯಿಂದ ಮೊದಲು ಮಾತಾಡಿಸಿದವರು ಅವರು. ಗಂಡ ತೀರಿಕೊಂಡ ಮೇಲೆ ಎರಡು ಎಕರೆ ರೊಬಸ್ಟಾ ಕಾಫಿ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮನೆಯ ಖರ್ಚು, ಮಗಳ ಓದು ಎಲ್ಲವೂ ಅದರಿಂದಲೇ ನಡೆಯಬೇಕಿತ್ತು. ತೋಟದ ನಡುವೆ ರಸ್ತೆ ಬಂದರೆ ಒಳ್ಳೆಯ ಗಿಡಗಳೇ ಹೋಗುತ್ತಿದ್ದವು.

ನನ್ನ ಸಿಟ್ಟು ಆಗಲೇ ಊರಿಗೆಲ್ಲ ಪರಿಚಯವಾಗಿತ್ತು. ಬಸ್ ಕಂಡಕ್ಟರ್, ರೇಷನ್ ಅಂಗಡಿಯವರು, ನಮ್ಮತ್ತೆ, ಯಾರನ್ನೂ ನಾನು ಬಿಟ್ಟವಳಲ್ಲ. ನಿನ್ನನ್ನು ಒಲೆ ಮುಂದೆ ಕೂರಿಸಿದರೆ ಬೆಂಕಿಪೊಟ್ಟಣದ ಖರ್ಚು ಉಳಿಯುತ್ತದೆ ಎಂದು ದೊಡ್ಡಮ್ಮ ರೇಗಿಸುತ್ತಿದ್ದರು.

ಆ ವರ್ಷ ಬೇಸಿಗೆಯ ಮೊದಲಲ್ಲಿ ನಾಲ್ಕು ಹನಿ ಉದುರಿ ನಿಂತುಬಿಟ್ಟಿತು. ಕಾಫಿ ಹೂವಿಗೆ ಅಷ್ಟು ಸಾಲದು, ಮಣ್ಣು ಒಳಗಿನ ತನಕ ನೆನೆಯಬೇಕು. ಆದರೂ ಕೆಲವು ಮೊಗ್ಗುಗಳು ಆತುರಪಟ್ಟು ಅರ್ಧ ಬಿರಿದು, ಕೆಂಪಗಾಗಿ, ರೆಂಬೆಯಲ್ಲೇ ಒಣಗಿದವು. ಉಳಿದವು ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. ನಾನು ಅವತ್ತು ಯಾರ ಜೊತೆಗೋ ಜಗಳ ಮುಗಿಸಿ ಬುಸುಗುಡುತ್ತಾ ಬಂದಿದ್ದೆ. ದೊಡ್ಡಮ್ಮ ಕೈಹಿಡಿದು ಎಳೆದುಕೊಂಡು ಹೋಗಿ ಆ ಒಣಗಿದ ಮೊಗ್ಗುಗಳನ್ನು ತೋರಿಸಿದರು.

"ನೋಡು ಮಾರಾಯ್ತಿ, ಇವು ನಿನ್ನಂಥವು. ನಾಕು ಹನಿಗೆಲ್ಲ ಬಾಯಿ ಬಿಟ್ರೆ ಕಾಯಿ ಕಚ್ಚಲ್ಲ."

ಹಾಗಾದರೆ ಯಾರು ಏನು ಮಾಡಿದರೂ ಬಾಯಿ ಮುಚ್ಚಿಕೊಂಡಿರಬೇಕಾ ಎಂದು ನಾನು ಅವರ ಮೇಲೂ ಹರಿಹಾಯ್ದೆ. ಸುಮ್ಮನಿರುವುದು ಬೇರೆ, ಹೊತ್ತು ನೋಡುವುದು ಬೇರೆ ಎಂದರು. ಅದಕ್ಕೂ ನನಗೆ ಸಿಟ್ಟು ಬಂತು.

ಆಮೇಲೆ ಒಂದು ಸಂಜೆ ಸರಿಯಾದ ಮಳೆ ಬಂತು. ವಾರ ಕಳೆಯುವಷ್ಟರಲ್ಲಿ ಗುಡ್ಡವೆಲ್ಲ ಬಿಳಿ. ಆ ವಾಸನೆಗೆ ತಲೆ ಹಗುರಾಗುತ್ತದೆ, ಎಲ್ಲಿ ನಿಂತರೂ ಜೇನಿನ ಸದ್ದು. ನಮ್ಮ ಕಡೆ ಹೂ ಬಿಟ್ಟ ತೋಟಕ್ಕೆ ಯಾರೂ ಇಳಿಯುವುದಿಲ್ಲ. ಮೈ ತಾಗಿದರೆ ಹೂ ಕೆಡುತ್ತದೆ, ಜೇನಿಗೆ ತೊಂದರೆ, ಮುಂದಿನ ಫಸಲಿಗೇ ಪೆಟ್ಟು. ಕೆಲಸ ನಿಲ್ಲುತ್ತದೆ, ಸೌದೆಗೂ ಯಾರೂ ಹೋಗುವುದಿಲ್ಲ.

ಸಾಹುಕಾರರು ಆರಿಸಿಕೊಂಡದ್ದು ಅಂಥದೇ ಒಂದು ಬೆಳಗ್ಗೆಯನ್ನು. ದೊಡ್ಡಮ್ಮನ ತೋಟದಲ್ಲಿ ಒಂದು ಕಾಲುದಾರಿ ಇತ್ತು, ಅದು ಹಿಂದೆ ಗಾಡಿದಾರಿ ಆಗಿತ್ತು ಎಂಬುದು ಅವರ ವಾದ. ಹೂವಿನ ದಿನ ಅಲ್ಲಿ ಯಾರೂ ಇರುವುದಿಲ್ಲ, ಕೇಳುವವರು ಬರುವ ಹೊತ್ತಿಗೆ ರಸ್ತೆ ಆಗಿರುತ್ತದೆ ಎಂದು ಲೆಕ್ಕ ಹಾಕಿದ್ದರು. ಗಿಡ ಕಡಿಯಲು ಮೇಸ್ತ್ರಿ ಮತ್ತು ಆಳುಗಳು, ಹಿಂದೆ ಒಂದು ಜೆಸಿಬಿ.

ಸದ್ದು ಕೇಳಿ ನಾನು ಅಂಗಳದಲ್ಲಿದ್ದ ಕತ್ತಿ ಹಿಡಿದು ಓಡಿದೆ. ದೊಡ್ಡಮ್ಮ ನನಗಿಂತ ಮೊದಲೇ ಬಂದು ಬೇಲಿಯ ಬಾಯಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಸಾಹುಕಾರರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, ದೊಡ್ಡಮ್ಮ ತಿರುಗಿಯೂ ನೋಡದೆ, "ಕೂತ್ಕ" ಎಂದರು. ಹಲ್ಲು ಕಚ್ಚಿಕೊಂಡು ಕೂತೆ.

ಸಾಹುಕಾರರ ಉಸಿರು ಮುಗಿದ ಮೇಲೆ ದೊಡ್ಡಮ್ಮ ಅವರನ್ನು ಬಿಟ್ಟು ಮೇಸ್ತ್ರಿಯ ಮುಖ ನೋಡಿದರು.

"ಹೂ ಬಿಟ್ಟದೆ ಮೇಸ್ತ್ರಿ. ಕಡಿಯಕ್ಕೆ ನಿಮಗೆ ಕೈ ಬರ್ತದಾ, ಕಡೀರಿ. ನಾನಂತೂ ಏಳಲ್ಲ."

ಮೇಸ್ತ್ರಿ ಕಾಫಿಯಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಆ ಬಿಳಿ ಸಾಲುಗಳನ್ನು ಒಮ್ಮೆ ನೋಡಿದರು, ಆಮೇಲೆ ನೆಲ ನೋಡಿದರು. ಸಾಹುಕಾರರು ಗದರಿದರು.

"ಹೂವಿಗೆ ಇಳಿಯಲ್ಲ ಧಣಿ. ಬೇಕಾರೆ ಉದುರಿದ ಮೇಲೆ ಹೇಳಿ."

ಅಷ್ಟು ಹೇಳಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಳುಗಳೂ ಅವರ ಹಿಂದೆ ಸರಿದರು. ಬಯಲುಸೀಮೆಯಿಂದ ಬಂದಿದ್ದ ಜೆಸಿಬಿ ಡ್ರೈವರ್ ಏನೊಂದೂ ಅರ್ಥವಾಗದೆ ಎಂಜಿನ್ ನಿಲ್ಲಿಸಿದ. ತಮ್ಮ ಆಳುಗಳೂ ಇದೇ ಮಣ್ಣಿನವರು ಎಂಬುದನ್ನು ಸಾಹುಕಾರರು ಮರೆತಿದ್ದರು.

ಆದರೆ ಹೂ ಎಷ್ಟು ದಿನ ಇರುತ್ತದೆ? ದೊಡ್ಡಮ್ಮನಿಗೆ ಅದು ಗೊತ್ತಿತ್ತು. ಮಾರನೆಯ ಬೆಳಗ್ಗೆಯೇ, ಜಾಗ ಅಳೆಸಲು ತಾಲ್ಲೂಕು ಕಚೇರಿಗೆಂದು ಮೂಡಿಗೆರೆ ಬಸ್ಸು ಹತ್ತಿದರು, ಜೊತೆಗೆ ನಾನು. ಸರ್ವೆಯವರು ಇವತ್ತಿಲ್ಲ, ಊಟ ಆದ ಮೇಲೆ ಬನ್ನಿ, ನಾಳೆ ಬನ್ನಿ... ನಾನಾಗಿದ್ದರೆ ಮೇಜು ಕುಟ್ಟಿ, ಹೊರಗೆ ಹಾಕಿಸಿಕೊಂಡು, ಅಲ್ಲಿಗೆ ಕತೆ ಮುಗಿಸುತ್ತಿದ್ದೆ. ಅವರು ಬೆಂಚಿನ ಮೇಲೆ ಕೂತರು, ಮರುದಿನ ಮತ್ತೆ ಹೋಗಿ ಕೂತರು. ಹೂ ಕಂದಿ ಉದುರುವ ಹೊತ್ತಿಗೆ ಸಾಹುಕಾರರ ಯಂತ್ರ ಮತ್ತೆ ಬಂತು. ಸರ್ವೆಯವರು ಅದಕ್ಕಿಂತ ಮೊದಲೇ ಬಂದು ತೋಟದಲ್ಲಿ ಸರಪಳಿ ಹಿಡಿದು ಅಳೆಯುತ್ತಿದ್ದರು. ಗಾಡಿದಾರಿ ಎಂಬುದು ಅಲ್ಲಿ ಯಾವತ್ತೂ ಇರಲಿಲ್ಲ ಎಂದು ಎಲ್ಲರೆದುರೇ ಹೇಳಿದರು. ಯಂತ್ರ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಅವತ್ತು ಸಂಜೆ ನಾನು ಕೇಳಿದೆ, ಅಷ್ಟು ಜನರ ಮುಂದೆ ಅದು ಹೇಗೆ ಹಾಗೆ ಕೂತಿದ್ದಿರಿ ಎಂದು. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕರು.

"ಕಾಲು ನಡುಗ್ತಿತ್ತು ಮಾರಾಯ್ತಿ. ಅದಕ್ಕೇ ಕುರ್ಚಿ ತಂದಿದ್ದು."

ದೊಡ್ಡಮ್ಮ ತೀರಿಹೋಗಿ ಎರಡು ಮಳೆಗಾಲ ಕಳೆಯಿತು. ತೋಟವನ್ನು ಈಗ ಮಗಳು ನೋಡಿಕೊಳ್ಳುತ್ತಾಳೆ, ಒಂದು ಗಿಡವೂ ಕಡಿಮೆಯಾಗಿಲ್ಲ. ಅಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಗಿಯೇ ಸಾಹುಕಾರರ ಮಗ ನಮ್ಮ ಕಡೆ ತಿರುಗಿದ್ದು.

ಕೈ ಒರೆಸಿಕೊಂಡು ಹೋಗಿ ಅವನೆದುರು ಕೂತೆ. ಹುಡುಗ ಅಪ್ಪನ ಹಾಗೆ ಬೈಯುವವನಲ್ಲ, ನಗುನಗುತ್ತಲೇ ಮಾತಾಡುತ್ತಾನೆ. ರಸ್ತೆ ಬಂದರೆ ನಮಗೂ ಅನುಕೂಲ ಎಂದ, ಊರು ಮುಂದೆ ಬರುತ್ತದೆ ಎಂದ. ಆಗುವುದಿಲ್ಲ ಎಂದೆ. ಆಗ ಕುರ್ಚಿಗೆ ಒರಗಿಕೊಂಡು, "ಅಲ್ಲ ಅಕ್ಕ, ಆ ಅಜ್ಜಿ ಅಷ್ಟು ಹಠ ಮಾಡಿ ಏನ್ ಸಾಧಿಸಿದ್ರು ಹೇಳಿ?" ಎಂದ.

ರಕ್ತ ನೆತ್ತಿಗೇರಿತು. ಅವನ ಅಪ್ಪನಿಂದ ಹಿಡಿದು ಅವನ ಸೋಪಿನವರೆಗೆ ಬೈಯಲು ನನ್ನ ಬಳಿ ಬೇಕಾದಷ್ಟಿತ್ತು. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ಅಲ್ಲೇ ತಡೆದೆ. ಮುಂದಿಟ್ಟಿದ್ದ ಕಾಫಿಯನ್ನು ಪೂರ್ತಿ ಕುಡಿದೆ. ಅವನು ಕಾಯಲಿ ಎಂದೇ ನಿಧಾನವಾಗಿ ಕುಡಿದೆ.

"ನಿಮಗೆ ಇವತ್ತಿಗೂ ರಸ್ತೆ ಸಿಕ್ಕಿಲ್ಲ. ಅದನ್ನ ಸಾಧಿಸಿದ್ರು. ನನ್ನ ಹತ್ರನೂ ಸಿಗಲ್ಲ."

ಎದ್ದು ಬಂದೆ. ಅವನು ಬೇರೆ ದಾರಿ ಹುಡುಕುತ್ತಾನೆ, ಮತ್ತೆ ಬರುತ್ತಾನೆ, ಬರಲಿ. ಮನೆ ಕಡೆ ನಡೆಯುತ್ತಾ ಕಾಲು ತಾನಾಗಿ ದೊಡ್ಡಮ್ಮನ ಬೇಲಿಯ ಹತ್ತಿರ ನಿಂತಿತು. ಜೀವಮಾನದಲ್ಲಿ ಮೊದಲ ಸಲ ದನಿ ಏರಿಸದೆ ಒಂದು ಜಗಳ ಗೆದ್ದು ಬಂದಿದ್ದೆ. ಮನೆಯಲ್ಲಿ ಹೇಳಿದರೆ ನಗುತ್ತಾರೆ. ನಂಬುವವರು ಅವರೊಬ್ಬರೇ ಇದ್ದರು.